ನಮ್ಮತ್ತೆಯ ನಿದ್ರಾದಾನ

ನಮ್ಮ ಸೋದರತ್ತೆ ಬೀದರಿನ ಅರ್ಧ ಊರನ್ನು ಹಾಡಹಗಲೇ ಮಲಗಿಸಿದ್ದಾಳೆಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ; ಆದರೆ ಡಿಸೆಂಬರ್ ತಿಂಗಳಲ್ಲಿ ಅಲ್ಲಿನ ಮೈಲೂರು ಓಣಿಯ ನಮ್ಮ ಮನೆಗೆ ಮಾತ್ರ ಬರಬೇಡಿ. ಬಂದಿರೋ, ಮೊದಲು ಚಹಾ ಬರುತ್ತದೆ, ಆಮೇಲೆ ಕರ್ಜಿಕಾಯಿ ಬರುತ್ತದೆ, ಅದರ ಬೆನ್ನಿಗೇ ಒಂದು ತಲೆದಿಂಬು, ಒಂದು ಕೌದಿ ಬರುತ್ತವೆ. "ಒಂದ್ ಗಳಿಗಿ ಅಡ್ಡಾಗ್ರಿ" ಎನ್ನುತ್ತಾಳೆ ಅತ್ತೆ. ಇದು ಉಪಚಾರದ ಮಾತೆಂದು ತಿಳಿದರೆ ಕೆಟ್ಟಿರಿ! ಅದು ಆಜ್ಞೆ.

ಕಾರಣ ಹೇಳುತ್ತೇನೆ. ಅತ್ತೆ ನಿವೃತ್ತ ನರ್ಸು. ಜೀವಮಾನವಿಡೀ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಮದುವೆಯಾಗಲಿಲ್ಲ, "ಮಂದಿ ಹೆರಿಗಿ ಮಾಡಿಸೂದ್ರಾಗೇ ನನ್ನ ವಯಸ್ಸು ಹೋತು" ಎಂದು ನಗುತ್ತಾಳೆ. ಆಸ್ಪತ್ರೆಯ ಕೆಲಸದ ಜೊತೆಗೆ ಆಕೆಗೆ ಇನ್ನೊಂದು ಉದ್ಯೋಗವೂ ಇತ್ತು, ಈಗಲೂ ಇದೆ. ನಮ್ಮ ಚರ್ಚಿನ ಸಭೆಯ ಕ್ರಿಸ್‌ಮಸ್ ನಾಟಕವನ್ನು ಪ್ರತಿವರ್ಷ ಹೊಸದಾಗಿ ಬರೆದು ಆಡಿಸುವವಳು ಅವಳೇ. ಆ ನಾಟಕಗಳೆಲ್ಲ ಹುಟ್ಟಿದ್ದು ವಾರ್ಡಿನ ಮೇಜಿನ ಮೇಲೆ. ಬಾಣಂತಿಯರು, ಕೂಸುಗಳು, ಕೂಸುಗಳ ಅಜ್ಜಿಯರು ಎಲ್ಲ ಮಲಗಿ, ಅವರ ಉಸಿರಾಟ ಕಿವಿಗೆ ಬಿದ್ದರೆ ಮಾತ್ರ ಆಕೆಯ ಪೆನ್ನು ಓಡುತ್ತಿತ್ತಂತೆ. ಈಗ ವಾರ್ಡು ಹೋಯಿತು, ಅಭ್ಯಾಸ ಹೋಗಬೇಕಲ್ಲ? ಸುತ್ತ ನಾಲ್ಕು ಜನ ನಿದ್ದೆ ಮಾಡದಿದ್ದರೆ ಆಕೆಗೆ ಒಂದು ಸಾಲೂ ಹೊಳೆಯುವುದಿಲ್ಲ. ಹಾಗಾಗಿ ವರ್ಷದ ಕೊನೆ ಬಂತೆಂದರೆ ನಮ್ಮ ಪಡಸಾಲೆಯೇ ವಾರ್ಡು, ನಾವೇ ಬಾಣಂತಿಯರು!

ಕಳ್ಳನಿದ್ದೆ ನಡೆಯುವುದಿಲ್ಲ. ಕೌದಿಯೊಳಗೆ ಮೊಬೈಲ್ ನೋಡುತ್ತಿದ್ದ ನನ್ನ ಅಣ್ಣನ ಹತ್ತಿರ ಬಗ್ಗಿ ಒಂದು ಕ್ಷಣ ಕಿವಿಗೊಟ್ಟು, "ಇದು ನಿದ್ದಿ ಉಸಿರಲ್ಲ ತಮ್ಮಾ, ಮೊಬೈಲ್ ಉಸಿರು" ಎಂದು ಫೋನು ಕಸಿದುಕೊಂಡು ಹೋದವಳು ಆಕೆ. ಅಣ್ಣ ನಲವತ್ತು ದಾಟಿದವನು, ಇಬ್ಬರು ಮಕ್ಕಳ ತಂದೆ. ಸುಮ್ಮನೆ ಮಗ್ಗುಲು ಬದಲಿಸಿದ.

ಒಮ್ಮೆ ನನ್ನ ತಂಗಿಯನ್ನು ನೋಡಲು ಭಾಲ್ಕಿ ತಾಲ್ಲೂಕಿನ ಮೆಹಕರದಿಂದ ಗಂಡಿನ ಕಡೆಯವರು ಬಂದರು. ತೊಗರಿ ಕೊಯ್ಲಿನ ಕಾಲ. ಪಾಪ, ಹೊಲದಲ್ಲಿ ದಣಿದು ಬಂದ ಜನ. ಅತ್ತೆಯ ಕಣ್ಣಿಗೆ ಅವರು ಬೀಗರಾಗಿ ಕಾಣಲೇ ಇಲ್ಲ, ಪೇಷಂಟುಗಳಾಗಿ ಕಂಡರು. ಉಪ್ಪಿಟ್ಟು ಮುಗಿಯುವ ಮೊದಲೇ ಎಲ್ಲರಿಗೂ ಹಾಸಿಗೆ ಬಿತ್ತು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮಾನ ಹೋಯಿತೆಂದು ಅಡುಗೆಮನೆಯಲ್ಲಿ ಹಣೆ ಬಡಿದುಕೊಂಡಳು. ಇತ್ತ ಆರು ಮಂದಿಯ ಗೊರಕೆಯ ನಡುವೆ ಅತ್ತೆ ಇಡೀ ಎರಡನೇ ಅಂಕ ಬರೆದು ಮುಗಿಸಿದಳು. ಸಂಜೆ ಎದ್ದ ಗಂಡಿನ ತಂದೆ ಕಣ್ಣುಜ್ಜಿಕೊಳ್ಳುತ್ತ ಹೇಳಿದ್ದಿಷ್ಟು: "ಎಷ್ಟ್ ವರ್ಷ ಆಗಿತ್ರಿ ಹಿಂಗ ಮಲ್ಕೊಂಡು! ಈ ಮನಿ ಹುಡುಗಿಗಿ ಬ್ಯಾಡ ಅನ್ನೋದು ಹ್ಯಾಂಗ್ರಿ?" ಮದುವೆ ಆಯಿತು. ಗಂಡಿನವರು ತನ್ನನ್ನು ಸರಿಯಾಗಿ ನೋಡಲೇ ಇಲ್ಲವೆಂದು ತಂಗಿಗೆ ಇಂದಿಗೂ ಸಿಟ್ಟಿದೆ.

ಬೀದರಿನದೇ ಚಿದ್ರಿಯಲ್ಲಿ ನಮ್ಮ ನಾಟಕದ ಬಟ್ಟೆ ಹೊಲಿಯುವ ಒಬ್ಬ ದರ್ಜಿ ಚಾಚಾ ಇದ್ದಾರೆ. ಮದುವೆಗಳ ಸುಗ್ಗಿ, ಅವರಿಗೆ ಪುರುಸೊತ್ತಿಲ್ಲ. ಕೂಸು ಯೇಸುವಿಗೆ ಕಾಣಿಕೆ ತರುವ ಮೂವರು ರಾಜರ ನಿಲುವಂಗಿ ಇನ್ನೂ ಆಗಿಲ್ಲವೆಂದು ಅತ್ತೆ ತರಾಟೆಗೆ ತೆಗೆದುಕೊಳ್ಳಲು ಹೋದವಳು, ಚಾಚಾನ ಕೆಂಪು ಕಣ್ಣು ನೋಡಿ ಅಲ್ಲೇ ಕರಗಿದಳು. ಅವರನ್ನು ಅವರದೇ ಕಟಿಂಗ್ ಮೇಜಿನ ಮೇಲೆ ಮಲಗಿಸಿ, ತಾನು ಸ್ಟೂಲಿನ ಮೇಲೆ ಕೂತು ನಾಟಕದ ಕುರುಬರ ಮಾತು ಬರೆಯತೊಡಗಿದಳು. ಗಿರಾಕಿಗಳು ಬಂದರೆ "ಚಾಚಾಗ ರೆಸ್ಟ್ ಹೇಳೀನಿ, ಸಂಜಿಕ ಬರ್ರಿ" ಎಂದು ಅಟ್ಟಿದಳು. ಎಚ್ಚರವಾದ ಮೇಲೆ ಚಾಚಾ ಗಡ್ಡ ನೀವಿಕೊಂಡು, "ಬಾಜೀ, ನೀಂದ್ ತೋ ಮಸ್ತ್ ಹುಯೀ. ಲೇಕಿನ್ ತುಮಾರೇ ರಾಜಾ ಲೋಗಾಂ ನಂಗೇಚ್ ರಹ್ ಗಯೇ ನಾ!" ಎಂದರಂತೆ. ನಿದ್ದೆಯೇನೋ ಸೊಗಸಾಯಿತು ಅಕ್ಕಾ, ರಾಜರು ಬತ್ತಲೆ ಉಳಿದರಲ್ಲ ಎಂಬುದು ಅವರ ಚಿಂತೆ. ಆ ವರ್ಷ ಪೂರ್ವದೇಶದ ಆ ಮೂವರು ರಾಜರು ನಮ್ಮ ಪಡಸಾಲೆಯ ಪರದೆಗಳನ್ನು ಸುತ್ತಿಕೊಂಡು ಬಂದು ಕಾಣಿಕೆ ಅರ್ಪಿಸಿದರು.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಈ ಸಲದ ಡಿಸೆಂಬರಿನಲ್ಲಿ ನನಗೆ ನಗು ಬಂದಿದ್ದು ಕಡಿಮೆ.

ನಾನು ಭಾಲ್ಕಿಯಲ್ಲಿ ಗಣಿತದ ಟೀಚರು. ಹಬ್ಬದ ರಜೆಗೆ ಮನೆಗೆ ಬಂದಾಗ ಪಡಸಾಲೆಯಲ್ಲಿ ನಮ್ಮ ಪಾಸ್ಟರಿಗೂ ಅತ್ತೆಗೂ ಜಟಾಪಟಿ ನಡೆದಿತ್ತು. ಈ ಸಲದ ನಾಟಕದ ನಾಯಕಿ ಯೇಸುವಿನ ತಾಯಿ ಮರಿಯಮ್ಮನಲ್ಲ, ಆಕೆಯ ಹೆರಿಗೆ ಮಾಡಿಸಿದ ಸೂಲಗಿತ್ತಿ!

"ಸೂಲಗಿತ್ತಿ ಶಾಸ್ತ್ರದಾಗ ಎಲ್ಲಿ ಅದಾಳ್ರಿ ಸಿಸ್ಟರ್?" ಎಂದು ಪಾಸ್ಟರು ಮೆತ್ತಗೆ ಕೇಳಿದರು.

"ಶಾಸ್ತ್ರದಾಗ ಇಲ್ಲಂದ್ರ ಕೊಟ್ಟಿಗ್ಯಾಗೂ ಇದ್ದಿಲ್ಲೇನ್ರಿ? ಚೊಚ್ಚಲ ಹೆರಿಗಿ! ಹೊಕ್ಕಳ ಬಳ್ಳಿ ಯಾರ್ ಕೊಯ್ದ್ರು? ಗಂಡ ಯೋಸೇಫ ಕೊಯ್ದನಾ? ಅಂವ ಬಡಿಗ್ಯಾ!"

ಪಾಸ್ಟರು ಬಾಯಿ ತೆರೆಯುವಷ್ಟರಲ್ಲಿ ತಲೆದಿಂಬು ಬಂತು. ಒಂದು ನಿದ್ದೆ ತೆಗೆದು ಎದ್ದ ಅವರು, "ಆಗ್ಲಿ ಬಿಡ್ರಿ, ಯಾರರ ಇದ್ದೇ ಇರಬೇಕು" ಎಂದು ಒಪ್ಪಿಕೊಂಡು ಹೋದರು. ನಿದ್ದೆ ಮನುಷ್ಯನನ್ನು ಎಷ್ಟು ಉದಾರಿಯಾಗಿ ಮಾಡುತ್ತದೆ ನೋಡಿ!

ಆದರೆ ಈ ಸಲ ಅತ್ತೆಯ ಪೆನ್ನು ಕೊನೆಯ ದೃಶ್ಯದಲ್ಲಿ ನಿಂತುಬಿಟ್ಟಿತು. ಎಷ್ಟು ಜನರನ್ನು ಮಲಗಿಸಿದರೂ ಮುಂದೆ ಹೋಗಲಿಲ್ಲ. ನಾಟಕ ಮೊದಲು ಬೀದರಿನಲ್ಲಿ, ಆಮೇಲೆ ಔರಾದಿನಲ್ಲಿ, ಹೊಸ ವರ್ಷದ ದಿನ ಭಾಲ್ಕಿಯಲ್ಲಿ. ಒಂದು ಕಡೆ ತಾಲೀಮು, ಇನ್ನೊಂದು ಕಡೆ ಹಾಡಿನವರು, ಮತ್ತೊಂದು ಕಡೆ ಕೇಕು, ಕರ್ಜಿಕಾಯಿ, ಬೀಗರು. ಎಲ್ಲದರ ನಡುವೆ ಅತ್ತೆ ಬರೆದದ್ದನ್ನು ಹರಿದು ಮತ್ತೆ ಬರೆಯುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಊರಿಗೆಲ್ಲ ನಿದ್ದೆ ಹಂಚುವವಳಿಗೆ ತನ್ನದೊಂದು ಪಾಲು ಎತ್ತಿಟ್ಟುಕೊಳ್ಳಬೇಕೆಂಬ ಬುದ್ಧಿ ಬೇಡವೇ?

ಒಂದು ಮಧ್ಯಾಹ್ನ ತಾಲೀಮಿನಲ್ಲಿ ದೇವದೂತರಿಗೆ ರೆಕ್ಕೆ ಕಟ್ಟುತ್ತಿದ್ದವಳು "ತಲಿ ಸುತ್ತಲಕತ್ತದ" ಎಂದು ಕೂತಳು.

ನಾನು ಓಡಿ ಹೋಗಿ ಆಕೆಯನ್ನು ಹಿಡಿದುಕೊಂಡೆ. ಏಕೆಂದರೆ ನಮ್ಮಪ್ಪ, ಅಂದರೆ ಅತ್ತೆಯ ಅಣ್ಣ, ಇದೇ ಮಾತು ಹೇಳಿ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಅತ್ತೆಯನ್ನು ಆಸ್ಪತ್ರೆಗೆ ಒಯ್ದು ನೋಡಿದರೆ ಬಿಪಿ ವಿಪರೀತ ಏರಿತ್ತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಗಟ್ಟಿಗಿತ್ತಿ. "ಸಿಸ್ಟರ್, ಇಷ್ಟ್ ದಿನ ಮಂದಿಗಿ ರೆಸ್ಟ್ ಹೇಳೀರಿ, ಈಗ ನಿಮ್ಮ ಪಾಳಿ. ಪೆನ್ನು ಮುಟ್ಟಬಾರ್ದು, ತಾಲೀಮು ಬಂದ್. ಇಲ್ಲಂದ್ರ ಲಕ್ವಾ ಹೊಡೀತದ ನೋಡ್ರಿ" ಎಂದಳು. ಮನೆಯಲ್ಲಿ ಸಭೆ ಸೇರಿ ಕಾವಲಿಗೆ ನನ್ನನ್ನು ನೇಮಿಸಿದರು. ನಾನು ಹುಟ್ಟಾ ಪುಕ್ಕಲು, ಕಾವಲಿಗೆ ಪುಕ್ಕಲರೇ ಲೇಸು ಎಂದು ಅಣ್ಣನ ತರ್ಕ.

ಆ ಕಾವಲನ್ನು ಏನೆಂದು ಹೇಳಲಿ! ನಾನು ಎಚ್ಚರವಿದ್ದರೆ ಅತ್ತೆಗೆ ಬರೆಯಲಾಗದು. ಬರೆಯದಿದ್ದರೆ ಆಕೆಗೆ ನಿದ್ದೆ ಬಾರದು. ಆಕೆ ಮಲಗದಿದ್ದರೆ ನಾನು ಕಣ್ಣು ಮುಚ್ಚುವಂತಿಲ್ಲ. ಇಬ್ಬರೂ ಎದುರುಬದುರು ಮಂಚದಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಬಿದ್ದುಕೊಂಡೆವು. ಘಳಿಗೆಗೊಮ್ಮೆ ನಾನು ಬಿಪಿ ಮಶಿನ್ನಿನ ಪಟ್ಟಿ ಸುತ್ತುತ್ತಿದ್ದೆ. "ನನ್ನ ಬಿಪಿ ಈ ಪಟ್ಟಿ ನೋಡೇ ಏರ್ತದ" ಎಂದು ಆಕೆ ಬೈಯುತ್ತಿದ್ದಳು. ಮಧ್ಯಾಹ್ನ ಮೆಲ್ಲಗೆ ಎದ್ದು ಬಂದು, "ಪಾಪ, ನಿನ್ನ ತಲಿ ಎಷ್ಟು ಬಿಸಿ ಅದ" ಎಂದು ಎಣ್ಣೆ ಹಚ್ಚತೊಡಗಿದಳು. ನಾನು ಹೂಟ ತಿಳಿದೂ ಸೋತೆ. ಆ ಬೆರಳುಗಳಿಗೆ ಸೋತು ಎಂತೆಂಥ ನೋವಿನವರು ನಿದ್ದೆ ಹೋಗಿದ್ದಾರೆ, ಗಣಿತದ ಟೀಚರು ಯಾವ ಲೆಕ್ಕ?

ಎಚ್ಚರವಾದಾಗ ಬಿಸಿಲು ಇಳಿದಿತ್ತು, ಎದುರಿನ ಮಂಚ ಖಾಲಿಯಿತ್ತು. ಎದ್ದು ಓಡಿದೆ. ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ಕೇಕು ಸುತ್ತುವ ಕಾಗದದ ಮೇಲೆ ಅತ್ತೆ ಬರೆಯುತ್ತಿದ್ದಳು. ಮುಖ ಬೆವೆತಿತ್ತು. ಪಟ್ಟಿ ಸುತ್ತಿದೆ, ಬಿಪಿ ಮತ್ತೆ ಅಲ್ಲಿಗೇ ಬಂದಿತ್ತು.

ನಾನು ಕೂಗಿದೆ. ಆಕೆಯ ಮೇಲೆ ಅಷ್ಟು ಜೋರಾಗಿ ಎಂದೂ ಕೂಗಿದವಳಲ್ಲ. "ನಿನ್ನ ಸೂಲಗಿತ್ತಿ ಹಾಳಾಗಿ ಹೋಗ್ಲಿ! ಅಪ್ಪನ್ನ ಮಣ್ಣು ಮಾಡಿ ಬಂದೀನಿ ಅತ್ತಿ, ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ!" ಎಂದವಳೇ ಅಲ್ಲೇ ಕೂತು ಅತ್ತುಬಿಟ್ಟೆ.

ಅತ್ತೆ ಕಾಗದ ಪಕ್ಕಕ್ಕೆ ಸರಿಸಿ, "ಅಂಜಿದೇನವ್ವಾ?" ಎಂದಳು. "ನಾ ಏನ್ ಮಾಡ್ಲಿ ಹೇಳು. ದೂತರು ಬಂದ್ರು, ಕುರುಬರು ಬಂದ್ರು, ರಾಜರು ಬರಲಕತ್ತಾರ. ಆಕಿ ಇನ್ನೂ ಮೂಲ್ಯಾಗ ಕುಂತು ರಗತದ ಅರಬಿ ಒಗಿಲಕತ್ತಾಳ. ಆಕಿ ಡ್ಯೂಟಿ ಯಾವಾಗ ಮುಗೀತದ, ನಂಗ ತಿಳೀವಲ್ದು. ಆಕಿನ್ನ ಹಂಗ ಬಿಟ್ಟು ನಾ ಹ್ಯಾಂಗ ಮಲ್ಕೋಲಿ?"

ಪೆನ್ನನ್ನು ನನ್ನ ಕಡೆ ಚಾಚಿದಳು. "ನೀ ಬರಿ."

"ನಾನಾ? ನಾ ಗಣಿತದಕಿ ಅತ್ತಿ! ಮೂರು ರಾಜರದಾಗ ಒಬ್ಬನ್ನ ಕಳೀ ಅಂದ್ರ ಕಳೀತೇನಿ, ಇದೆಲ್ಲ ನನಗ ಬರೂದಿಲ್ಲ."

"ಬರ್ತದ. ನಾ ಮಲ್ಕೋತೇನಿ, ನೀ ಬರಿ. ನಂಗ ಓದಿ ತೋರಸಬ್ಯಾಡ. ಓದಿದ್ರ ತಿದ್ತೇನಿ, ತಿದ್ದಿದ್ರ ಬಿಪಿ ಏರ್ತದ."

ಅಷ್ಟು ಹೇಳಿ ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಪಕ್ಕದಲ್ಲಿ ಕಾಗದ ಹಿಡಿದು ಕೂತೆ. ಏನು ಬರೆಯಲಿ? ಬೀದರಿನ ಸಭೆ ನಗುತ್ತದೆ, ಪಾಸ್ಟರು ಸಿಡುಕುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಗೆ ಹಿಡಿಸದಿದ್ದರೆ? ಸ್ವಲ್ಪ ಹೊತ್ತಿಗೆ ಆಕೆಯ ಉಸಿರು ಭಾರವಾಯಿತು. ಅದು ನಿಜವಾದ ನಿದ್ದೆಯ ಉಸಿರು. ಅದನ್ನು ಕೇಳುತ್ತ ಕೇಳುತ್ತ ನಾನು ಬರೆದೆ.

ಬೀದರಿನ ಆಟಕ್ಕೆ ನಾವಿಬ್ಬರೂ ಹೋಗಲಿಲ್ಲ. ನಾಟಕ ನೋಡಿ ಬಂದ ವೈನಿ ನನ್ನನ್ನು ಬಾಗಿಲ ಬಳಿಯೇ ನಿಲ್ಲಿಸಿ, "ಭಾಳ ಛಲೋ ಆತು" ಎಂದಳು. ಈಗ ನನಗೆ ಹೊಸ ಕಳವಳ. ಚೆನ್ನಾಗಿ ಆಯಿತೆಂದರೆ, ತಾನಿಲ್ಲದೆಯೂ ನಡೆಯುತ್ತದೆಂದು ಅತ್ತೆ ನೊಂದುಕೊಂಡಾಳು. ಕೆಟ್ಟಿತೆಂದರೆ ಎದ್ದು ಔರಾದಿನ ಬಸ್ಸು ಹತ್ತಿಯಾಳು!

"ಹ್ಯಾಂಗಾತು?" ಎಂದಳು ಅತ್ತೆ, ಗೋಡೆ ನೋಡುತ್ತಲೇ.

"ಛಲೋ ಆತಂತ" ಎಂದೆ. ಸುಳ್ಳು ಹೊಳೆಯಲಿಲ್ಲ.

ಆಕೆಯ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಪಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ಈ ಕಡೆ ತಿರುಗಿ, "ಹಂಗಾರ ಭಾಲ್ಕ್ಯಾಗ ನಾ ಎದುರ ಕುಂತು ನೋಡ್ತೇನಿ" ಎಂದಳು. "ಇಷ್ಟ್ ವರ್ಷ ಪರದಿ ಹಿಂದ ನಿಂತು ಮಾತು ಹೇಳಿಕೊಟ್ಟೀನಿ. ನಾಟಕ ಅಂದ್ರ ನನಗ ಮಂದಿ ಬೆನ್ನೇ. ಮುಂದಿಂದ ಒಮ್ಮಿನೂ ನೋಡಿಲ್ಲ."

ಔರಾದಿನ ಆಟವೂ ಆಕೆ ಇಲ್ಲದೆ ನಡೆಯಿತು. ಅಷ್ಟೂ ದಿನ ಅತ್ತೆ ಮಲಗಿದಳು. ಕೂಸಿನಂತೆ, ಹಗಲಿಗೂ ಮಲಗಿದಳು. ಬಿಪಿ ಇಳಿಯಿತು. ಕುರ್ಚಿಯಿಂದ ಏಳಬಾರದೆಂಬ ಕರಾರಿನ ಮೇಲೆ ಡಾಕ್ಟರಮ್ಮ ಭಾಲ್ಕಿಗೆ ಅನುಮತಿ ಕೊಟ್ಟಳು.

ಹೊಸ ವರ್ಷದ ಮಧ್ಯಾಹ್ನ, ಚರ್ಚಿನ ಅಂಗಳದ ಶಾಮಿಯಾನದ ಕೆಳಗೆ, ಮೊದಲನೇ ಸಾಲಿನಲ್ಲಿ ಅತ್ತೆ ಶಾಲು ಹೊದ್ದು ಕೂತಳು. ಪಕ್ಕದಲ್ಲಿ ತೊಡೆಯ ಮೇಲೆ ಮಶಿನ್ ಇಟ್ಟುಕೊಂಡು ನಾನು. ನಾನು ಬರೆದ ಕೊನೆಯ ದೃಶ್ಯ ಬಂತು. ಕೊಟ್ಟಿಗೆ. ಮೂಲೆಯಲ್ಲಿ ಸೂಲಗಿತ್ತಿ ಬಟ್ಟೆ ಒಗೆಯುತ್ತಿದ್ದಾಳೆ. ಹುಲ್ಲಿನ ಮೇಲೆ ಮಲಗಿದ್ದ ಮರಿಯಮ್ಮ ಸ್ವಲ್ಪ ಸರಿದು ಜಾಗ ಮಾಡಿದಳು.

"ಅವ್ವಾ, ಕೂಸು ಮಲ್ಕೊಂಡದ. ಇನ್ನ ನೀ ಬಾ, ನನ್ನ ಬಾಜೂಕ ಮಲ್ಕೋ. ಅರಬಿ ನಾಳಿಗಿ ಒಗದ್ರಾತು."

ಸೂಲಗಿತ್ತಿ ಕೈ ಒರೆಸಿಕೊಂಡು ಬಂದಳು. ತಾಯಿಯ ಪಕ್ಕದಲ್ಲಿ ಮುದುಡಿ ಮಲಗಿದಳು. ಯೋಸೇಫ ತನ್ನ ಕಂಬಳಿ ತಂದು ಆಕೆಗೆ ಹೊದಿಸಿದ.

ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಜನರ ಹಿಂದಿನಿಂದ ಹಲಗೆ ಬಾರಿಸುತ್ತ ಮೂವರು ರಾಜರ ಮೆರವಣಿಗೆ ಹೊರಟಿತು. ಜನ ಎಂದಿನಂತೆ ಚಪ್ಪಾಳೆ, ಸಿಳ್ಳೆ. ಅತ್ತೆ ಕುರ್ಚಿಯಿಂದ ಧಡಕ್ಕನೆ ಎದ್ದುಬಿಟ್ಟಳು! ನಾನು ಆಕೆಯ ಶಾಲು ಹಿಡಿದೆಳೆದೆ. ಆಕೆ ಹಿಂದಕ್ಕೆ ತಿರುಗಿ, ಇಡೀ ಸಭೆಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಶ್... ಗದ್ಲ ಮಾಡಬ್ಯಾಡ್ರಿ. ಆಕಿ ಈಗರ ಮಲ್ಕೊಂಡಾಳ."

ಹಲಗೆ ನಿಂತಿತು. ರಾಜರು ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಬಂದು, ಕಾಣಿಕೆಗಳನ್ನು ಸದ್ದಾಗದಂತೆ ಇಟ್ಟು, ಹುಲ್ಲಿನ ಅಂಚಿಗೆ ಕೂತರು. ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅತ್ತೆ ಮೆಲ್ಲಗೆ ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ನನ್ನ ತೊಡೆಯ ಮೇಲಿನ ಮಶಿನ್ ತೆಗೆದು ಕೆಳಗಿಟ್ಟಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಬೆಚ್ಚಗಿತ್ತು ಆ ಕೈ.