ಹತ್ತು ನಿಮಿಷದ ಮೀನು

ಊಟಕ್ಕೆ ಕುಳಿತ ಗಂಡಸು ಮೀನಿನ ವಿಷಯದಲ್ಲಿ ಏನು ಮಾತಾಡಬಹುದು, ಏನು ಮಾತಾಡಬಾರದು ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಅದೇಕೋ ಕೈಬಿಟ್ಟರು. ಅವರಲ್ಲಿ ಹೆಚ್ಚಿನವರು ಮೀನು ತಿನ್ನುತ್ತಿರಲಿಲ್ಲವೆಂದು ಕಾಣುತ್ತದೆ. ಫಲವನ್ನು ಹೈದರಾಬಾದಿನ ಕಾಚಿಗೂಡದ ಹುಲಗೇಶ ಉಣ್ಣಬೇಕಾಯಿತು.

ಆದದ್ದು ಇಷ್ಟೇ. ಹೆಂಡತಿ ಶಾಂಭವಿ ಬಚ್ಚಲಲ್ಲಿ ಕೂತು ಮೀನು ಉಜ್ಜಿ ಉಜ್ಜಿ, ಬೆನ್ನು ನೋಯುತ್ತದೆಂದು ಒಂದು ಮಾತು ಆಡಿದಳು. ಹುಲಗೇಶ ಮುಳ್ಳು ಬಿಡಿಸುತ್ತ, ತಲೆ ಕೂಡ ಎತ್ತದೆ, "ಮೀನ ತೊಳಿಯೂದು ಏನು ಮಹಾ ಕೆಲಸ? ಹತ್ತು ನಿಮಿಷದ್ದು" ಎಂದ. ಶಾಂಭವಿ ಜಗಳವಾಡಲಿಲ್ಲ. ಕೈ ತೊಳೆದು, ಬ್ಯಾಗು ತುಂಬಿಕೊಂಡು, ಗಚ್ಚಿಬೌಲಿಯ ಅಣ್ಣನ ಮನೆಗೆ ಹೋದಳು. ಕೆಲವು ದಿನ ಬಿಟ್ಟು ಫೋನು ಬಂತು.

"ಮಿರಗದ ದಿನ ಬರ್ತೀನಿ. ದೊಡ್ಡ ಮೀನ ತಂದು, ನೀವ ಸ್ವಚ್ಛ ಮಾಡಿ, ತುಂಡ ಮಾಡಿ ಇಟ್ಟಿರಬೇಕು. ಸಾರು ನಾ ಮಾಡ್ತೀನಿ. ಬ್ಯಾರೆಯವ್ರ ಕೈ ಹತ್ತೇತಿ ಅಂತ ಗೊತ್ತಾತಂದ್ರ, ಬಂದ ಆಟೋದಾಗ ತಿರುಗಿ ಹೊಂಟೆ."

ಹುಲಗೇಶ ಒಪ್ಪಿದ. ಮನೆಯಲ್ಲಿ ಫ್ರಿಜ್ಜಿನ ಗುರುಗುರು ಬಿಟ್ಟರೆ ಮಾತಾಡುವವರೇ ಇರಲಿಲ್ಲ. ಎರಡು ದಿನದಿಂದ ಅವನು ಫ್ರಿಜ್ಜಿಗೆ ಉತ್ತರ ಕೊಡತೊಡಗಿದ್ದ.

ಬೇಗಂಪೇಟೆಯ ಆಫೀಸಿನಿಂದ ಬರುವಾಗ ಪಾತ್ರೆ ಅಂಗಡಿಯೊಂದನ್ನು ಹೊಕ್ಕು ಚಾಕು ಕೇಳಿದ. ಅಂಗಡಿಯವನು ಜವಳಿ ಹರವಿದಂತೆ ಚಾಕುಗಳನ್ನು ಹರವಿ, ಕೊನೆಗೆ ಉದ್ದನೆಯ, ತೆಳ್ಳನೆಯ ಒಂದನ್ನು ಎತ್ತಿ ಬಿಲ್ಲಿನಂತೆ ಬಗ್ಗಿಸಿ ತೋರಿಸಿದ.

"ಬಡೀ ಮಛಲೀ ಕೋ ಯೇಇಚ್ ಹೋನಾ ಸಾಬ್. ಫಿಲೆ ನೈಫ್ ಬೋಲ್ತೇ ಇಸ್ಕು."

ದೊಡ್ಡ ಮೀನಿಗೆ ಇದೇ ಆಗಬೇಕೆಂದು ಅವನು ಅಂದರೂ, ಬಗ್ಗುವ ಚಾಕು ಕೊಯ್ಯುವುದು ಹೇಗೆಂದು ಹುಲಗೇಶನಿಗೆ ಅನುಮಾನ. ಗಟ್ಟಿ ಚಾಕು ಎಲುಬಿನ ಜೊತೆ ಜಗಳಕ್ಕೆ ನಿಲ್ಲುತ್ತದೆ, ಇದು ಎಲುಬಿನ ಪಕ್ಕದಲ್ಲೇ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ ಎಂದು ಅಂಗಡಿಯವನು ವಿವರಿಸಿದ. ಊಟದ ಹೊತ್ತಿನಲ್ಲಿ ಆ ಗುಣ ತನಗೂ ಇದ್ದಿದ್ದರೆ ಎನಿಸಿ ಹುಲಗೇಶ ಅದನ್ನೇ ಕೊಂಡ.

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಮೀನು ತಿನ್ನದವರ ಮೇಲೆ ಮಳೆ ಬೀಳುವುದೇ ಇಲ್ಲವೇನೋ ಎಂಬಂತೆ ಹೈದರಾಬಾದು ಮಾರ್ಕೆಟ್ಟಿಗೆ ನುಗ್ಗುತ್ತದೆ. ಆ ನೂಕುನುಗ್ಗಲಿನಿಂದ ಹುಲಗೇಶ ಒಂದು ಅಂಗಿ ಗುಂಡಿ ಕಳೆದುಕೊಂಡು, ಕೂಸಿನಂತೆ ಎತ್ತಿಕೊಳ್ಳಬೇಕಾದಷ್ಟು ದೊಡ್ಡ ಕಾಟ್ಲಾ ಮೀನನ್ನು ತಂದ. ವಠಾರದ ಅಂಗಳದ ನಲ್ಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅದನ್ನು ಮಲಗಿಸಿ, ಫೋನನ್ನು ಬಕೀಟಿನ ಅಂಚಿಗೆ ಆನಿಸಿ, ಮೀನು ಕೊಯ್ಯುವ ವೀಡಿಯೋ ಹಚ್ಚಿದ. ಬಾಲ ಹಿಡಿದದ್ದೇ ತಡ, ಮೀನು ಕಲ್ಲಿನ ಮೇಲಿಂದ ಜಾರಿ ಬಕೀಟಿಗೆ ಬಿತ್ತು. ಸತ್ತ ಮೇಲೂ ಅದು ಒಂದು ಕೆಲಸ ಮಾಡಿತು: ಫೋನನ್ನು ಜೊತೆಗೆ ಮುಳುಗಿಸಿತು.

ಎದುರು ಮನೆಯ ಹುಸೇನಮ್ಮ ಸೆರಗು ಕಟ್ಟಿಕೊಂಡು ಬಂದಳು. "ಏನೋ ಹುಲಗ್ಯಾ, ಮೀನಿಗೆ ಜಳಕಾ ಮಾಡಸಾಕತ್ತೀಯೋ, ಕುಸ್ತಿ ಹಿಡ್ಯಾಕತ್ತೀಯೋ? ಸರಿ ಅತ್ಲಾಗ, ನಾ ಮಾಡ್ತೀನಿ."

"ಬ್ಯಾಡ ಅತ್ತಿ! ಕೈ ಹಚ್ಚಬ್ಯಾಡ್ರಿ! ನನ್ನ ಸಂಸಾರದ ಪ್ರಶ್ನೆ ಐತಿ!"

"ಸಂಸಾರ ಮೀನಿನ ಹೊಟ್ಟ್ಯಾಗ ಐತೇನು? ಹಂಗಾರ ಕಲ್ಲುಪ್ಪು ಹಚ್ಚಿ ಹಿಡಿ, ಜಾರಂಗಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಸೂಗಪ್ಪ ಬಂದ. ರೈಲ್ವೆಯಿಂದ ನಿವೃತ್ತನಾದ ಮೇಲೆ ಕಂಡವರಿಗೆಲ್ಲ ಸಿಗ್ನಲ್ ಕೊಡುವುದೇ ಅವನ ಉದ್ಯೋಗ. "ಚಾಕು ಏನೋ ಇದು, ಸುಳ್ಳು ಸಾಕ್ಷಿ ಹೇಳಾಂವನ ನಾಲಿಗಿ ಹಂಗ ಅಲ್ಲಾಡತೈತಿ! ಮೀನಿಗೆ ಈಳಿಗಿ ಬೇಕು. ತಾ ಇಲ್ಲೆ, ತೋರಸ್ತೀನಿ."

"ಕಾಕಾ, ಕೈ ಮುಗೀತೀನಿ, ದೂರ ನಿಲ್ರಿ!"

ಹುಲಗೇಶ ಕೆರೆಯತೊಡಗಿದ. ಹುರುಪೆಗಳು ಮದುವೆಯ ಅಕ್ಷತೆಯಂತೆ ಹಾರಿದವು. ಒಂದು ಸೂಗಪ್ಪನ ಕನ್ನಡಕಕ್ಕೆ ಅಂಟಿತು, ಒಂದು ಹುಸೇನಮ್ಮನ ಹಣೆಯ ಮೇಲೆ ಕುಂಕುಮದ ಪಕ್ಕ ಕೂತಿತು. ಮಹಡಿಯ ಮೇಲಿನಿಂದ ಮನೆಯ ಮಾಲಕ ಅಮರೇಶಪ್ಪನವರು ಇಣುಕಿದರು. ಅವರು ಮೀನು ತಿನ್ನುವವರಲ್ಲ. ಮೀನಿನ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವವರು. ಮೂಗಿಗೆ ಶಲ್ಯ ಒತ್ತಿಕೊಂಡೇ ಕೂಗಿದರು:

"ಬಾಲದಿಂದ ತಲಿ ಕಡೆ ಕೆರೀಪಾ! ಪಿತ್ತಾ ಒಡದ್ರ ಎಲ್ಲಾ ಕಹಿ ಆಕ್ಕೈತಿ ಮತ್ತ!"

"ನಿಮಗ ಹೆಂಗ ಗೊತ್ರಿ ಮಾಲಕ್ರ?" ಎಂದ ಸೂಗಪ್ಪ.

"ಇಷ್ಟು ವರ್ಷ ಬಾಡಿಗಿ ಮಂದೀನ ಮ್ಯಾಲಿಂದ ನೋಡಾಕತ್ತೀನಲ್ಲ."

ಮೊದಲು ಪಿತ್ತ ತೆಗೆಯಬೇಕೋ ಕಿವಿರು ಕೀಳಬೇಕೋ ಎಂಬುದರ ಮೇಲೆ ಮೂವರಿಗೂ ವಾದ ಹತ್ತಿತು. ವಾದ ಮೀನಿನಿಂದ ನೀರಿನ ಮೋಟರಿಗೆ, ಮೋಟರಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಹುಸೇನಮ್ಮನ ಅಳಿಯನಿಗೆ ಏರಿತು. ಮೀನಿನ ಕಡೆ ನೋಡುವ ಪುರುಸೊತ್ತು ಯಾರಿಗೂ ಉಳಿಯಲಿಲ್ಲ.

ಆ ಹೊತ್ತಿನಲ್ಲಿ ಹುಲಗೇಶ ಹೊಟ್ಟೆ ಸೀಳಿದ. ಪಿತ್ತಕೋಶ ಹಸಿರು ದ್ರಾಕ್ಷಿಯಂತೆ ಇಡಿಯಾಗಿ ಕೈಗೆ ಬಂತು. ಚಾಕು ಬೆನ್ನೆಲುಬಿನ ಗುಂಟ ಸರ್ರನೆ ಸರಿಯಿತು. ಮೀನು ಪುಸ್ತಕದಂತೆ ತೆರೆದುಕೊಂಡಿತು. ಅವನಿಗೇ ನಂಬಿಕೆಯಾಗದೆ ಮಗ್ಗುಲು ತಿರುವಿ ಇನ್ನೊಂದು ಕಡೆಯೂ ಕೊಯ್ದ. ತುಂಡು ಮಾಡಿ, ಅರಿಶಿನ ಉಪ್ಪು ಹಚ್ಚಿ ತೊಳೆದು, ತಾಟಿನಲ್ಲಿ ಜೋಡಿಸಿದಾಗ ಮಧ್ಯಾಹ್ನ ಕಳೆದಿತ್ತು. ಅವನ ಬೆನ್ನು ನೇರವಾಗಲು ಒಪ್ಪಲಿಲ್ಲ.

ಬಾಗಿಲಲ್ಲಿ ಆಟೋ ನಿಂತಿತು. ಶಾಂಭವಿ ಅದನ್ನು ಕಳಿಸದೆ ಒಳಗೆ ಬಂದಳು. ಒಂದೊಂದೇ ತುಂಡು ಎತ್ತಿ, ಮೂಸಿ, ತೊಗಲ ಮೇಲೆ ಬೆರಳಾಡಿಸಿದಳು. ಒಂದು ಹುರುಪೆಯಿಲ್ಲ, ಒಂದು ಹರಕಿಲ್ಲ.

"ಖರೇನ ನೀವ ಮಾಡೀರಿ?"

"ನಾನ. ನನ್ನಾಣಿ, ಯಾರೂ ಮುಟ್ಟಿಲ್ಲ. ಹತ್ತು ನಿಮಿಷದ್ದಲ್ಲ ಇದು, ನನಗ ಗೊತ್ತಾತು."

ಅವಳ ಮುಖ ಅರಳಿತು. ಬ್ಯಾಗು ಕೆಳಗಿಟ್ಟಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಗಂಡನ ಮೇಲೆ ಅಪರೂಪಕ್ಕೆ ಹುಟ್ಟಿದ ಹೆಮ್ಮೆಯನ್ನು ತಡೆಯಲಾರದೆ ಅವಳು ತಾಟು ಎತ್ತಿಕೊಂಡು ಅಂಗಳಕ್ಕೆ ಬಂದಳು. "ಅತ್ತಿ, ಕಾಕಾ, ನೋಡ್ರಿಲ್ಲೆ! ನಮ್ಮವರು ಎಷ್ಟು ಚಂದ ಮಾಡ್ಯಾರ!"

ಹುಸೇನಮ್ಮ ತಾಟು ನೋಡಿದಳು. ಇಷ್ಟು ಚಂದದ ಮೀನು ವಠಾರದಲ್ಲಿ ಹಿಂದೆ ಯಾರೂ ಕೊಯ್ದಿರಲಿಲ್ಲ. "ನಿಮ್ಮವರು? ಬಾಲಾ ಹಿಡ್ಯಾಕ ಬರ್ತಿರಲಿಲ್ಲ ನಿಮ್ಮವರಿಗೆ! ಉಪ್ಪು ಹಚ್ಚಿ ತಿಕ್ಕಿದ್ದು ನಾ!"

"ತಿಕ್ಕಿದ್ದು ನೀ ಇರಬೇಕು, ಕೊಯ್ದಾಂವ ಯಾರು?" ಎಂದು ಸೂಗಪ್ಪ ಎದೆ ಮುಂದೆ ಮಾಡಿದ. "ರೈಲ್ವೆ ಕೈ ಇದು. ತುಂಡು ನೋಡವಾ, ಹಳಿ ಹಾಸಿದಂಗ ಅದಾವು. ಪಾಪ, ಹುಲಗೇಶ ಬಕೀಟ ಹಿಡಿದಿದ್ದ."

"ಕಾಕಾ!" ಎಂದು ಹುಲಗೇಶ ಚೀರಿದ.

ಮೇಲಿನಿಂದ ಅಮರೇಶಪ್ಪನವರು ಮೂಗಿನ ಶಲ್ಯ ತೆಗೆದು ಗುಡುಗಿದರು. "ಸುಳ್ಳ ಹೇಳಬ್ಯಾಡ್ರಿ! ಪಿತ್ತಾ ಒಡೀದಂಗ ತೆಗದಾಂವ ನಾನು!"

ಶಾಂಭವಿ ಮಹಡಿಯತ್ತ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಮಾಲಕ್ರನ್ನೂ ಬಿಡಲಿಲ್ಲೇನ್ರಿ ನೀವು?"

ಆಟೋ ಇನ್ನೂ ಬಾಗಿಲಲ್ಲೇ ಇತ್ತು. ಇಷ್ಟು ಸ್ವಚ್ಛವಾದ ಮೀನನ್ನು ಬಿಟ್ಟುಹೋಗಲು ಮನಸ್ಸಾಗದೆ ಅವಳು ತುಂಡುಗಳನ್ನು ಡಬ್ಬಿಗೆ ತುಂಬಿಕೊಂಡು ಆಟೋ ಹತ್ತಿದಳು. ಆ ಮಿರಗದ ಸಾರು ಗಚ್ಚಿಬೌಲಿಯಲ್ಲಾಯಿತು. ಹುಲಗೇಶ ಅಮರೇಶಪ್ಪನವರ ಮನೆಯಿಂದ ಬಂದ ಕಡಲೆಹಿಟ್ಟಿನ ಜುಣಕ ಉಂಡು ಮಲಗಿದ.