ಡೆಲ್ಮರನ ಮೂರು ಚೀಟಿ

ಡೆಲ್ಮರ್ ಆಸ್ಟ್ರಾಂಡರ್ ಮಾಡಿದ ತಪ್ಪು ಇಷ್ಟೇ: ವಿಮಾ ನಿಯಮಗಳ ತಿದ್ದುಪಡಿ ಕುರಿತು ರಾಜ್ಯದ ರಾಜಧಾನಿಯಲ್ಲಿ ಬುಧವಾರ ಸಾರ್ವಜನಿಕ ವಿಚಾರಣೆ ಇದೆ ಎಂಬ ಸುದ್ದಿಯನ್ನು ನೆರೆಯವರ ಮುಂದೆ ಗಟ್ಟಿಯಾಗಿ ಓದಿದ.

ಮೇ ತಿಂಗಳ ಆಲಿಕಲ್ಲು ಮಳೆ ಅವನ ಮನೆಯ ಚಾವಣಿಯನ್ನು ಜರಡಿ ಮಾಡಿತ್ತು. ಆರು ವಾರದಿಂದ ಟಾರ್ಪಾಲಿನಡಿ ವಾಸ. ವಿಮಾ ಕಂಪನಿ ಕಾಗದದ ಮೇಲೆ ಕಾಗದ ಕಳಿಸುತ್ತಿತ್ತೇ ಹೊರತು ದುರಸ್ತಿಗೆ ಒಪ್ಪಿರಲಿಲ್ಲ. ಶನಿವಾರ ಮತ್ತೆ ಬಿರುಗಾಳಿ ಎಂದು ರೇಡಿಯೋ ಹೇಳುತ್ತಿತ್ತು.

“ಅಲ್ಲಿ ಹೋಗಿ ಅತ್ತುಬಿಡು ಮಾರಾಯ,” ಎಂದಳು ಪಕ್ಕದ ಮನೆಯ ವರ್ನಾ.

“ಅತ್ತರೆ ಚಾವಣಿ ಬರುತ್ತಾ? ಬೈಬೇಕು ಕಣೋ!” ಎಂದ ಎದುರುಮನೆಯ ಲೈಮನ್.

ಇಬ್ಬರೂ ಸೇರಿ ಅವನನ್ನು ವರ್ನಾಳ ಪಿಕಪ್ಪಿನಲ್ಲಿ, ಸ್ಯಾಂಡ್‌ವಿಚ್ಚಿನ ನಡುವಿನ ಹ್ಯಾಮಿನಂತೆ ಒತ್ತಿಕೊಂಡು ಹೊರಟರು.

ವಿಚಾರಣೆಯಲ್ಲಿ ಮಾತನಾಡುವವರು ಸಭಾಂಗಣದ ಬಾಗಿಲಲ್ಲಿ ಚೀಟಿ ತುಂಬಬೇಕಿತ್ತು. ಹೊಸ ನಿಯಮದ ಪರ ಇರುವವರಿಗೆ ಹಸಿರು, ವಿರೋಧಿಗಳಿಗೆ ಗುಲಾಬಿ, ಎರಡೂ ಅಲ್ಲದವರಿಗೆ ಹಳದಿ.

“ಹಸಿರು ತುಂಬು. ಸರ್ಕಾರ ನಮ್ಮ ಪರ ಇದೆ,” ಎಂದಳು ವರ್ನಾ.

“ಯಾವತ್ತಿತ್ತಮ್ಮ? ಗುಲಾಬಿ ತುಂಬೋ,” ಎಂದ ಲೈಮನ್.

“ಆ ಹೊಸ ನಿಯಮದಲ್ಲಿ ಬರೆದಿರೋದೇನು?” ಎಂದು ಡೆಲ್ಮರ್ ಕೇಳಿದ.

“ನಲವತ್ತು ಪುಟ ಇದೆ. ಓದ್ತಾ ಕೂತರೆ ಸಭೆನೇ ಮುಗಿಯುತ್ತೆ!” ಆ ದಿನ ಮೊದಲ ಬಾರಿಗೆ ಇಬ್ಬರಿಗೂ ಒಮ್ಮತ.

ಡೆಲ್ಮರ್ ಇಬ್ಬರ ಮನಸ್ಸೂ ನೋಯಬಾರದೆಂದು ಎರಡನ್ನೂ ತುಂಬಿದ. ಯಾವುದಕ್ಕೂ ಇರಲಿ ಎಂದು ಹಳದಿಯನ್ನೂ ಕೊಟ್ಟ.

ಪರವಾದಿಗಳ ಸರದಿಯಲ್ಲಿ ಅವನ ಹೆಸರು ಬಂತು. ಮೂರು ನಿಮಿಷ ಚಾವಣಿಯ ಕತೆ ಹೇಳಿ ಅತ್ತ. ವಿರೋಧಿಗಳ ಸರದಿಯಲ್ಲೂ ಬಂತು.

“ನೀವು ಈಗ ತಾನೇ ಮಾತಾಡಿದ್ರಲ್ಲ?” ವಿಚಾರಣೆ ನಡೆಸುತ್ತಿದ್ದ ವಿಮಾ ಆಯುಕ್ತೆ ಕನ್ನಡಕದ ಮೇಲಿಂದ ನೋಡಿದಳು.

“ಹೌದು ತಾಯಿ. ಆ ಚೀಟಿನೂ ನಂದೇ.” ಅದೇ ಕತೆ ಹೇಳಿ ಬೈದ.

ಮೂರನೇ ಸಲ ಕರೆದಾಗ ಅಳುವೂ ಬೈಗುಳವೂ ಖಾಲಿಯಾಗಿದ್ದವು. “ಕಾಗದ ಕಳಿಸ್ತಾರೆ, ಸಹಿ ಹಾಕು ಅಂತಾರೆ. ಯಾವುದಕ್ಕೆ ಹಾಕ್ತಿದೀನಿ ಅಂತ ನಂಗೊಂದೂ ತಿಳಿಯಲ್ಲ,” ಎಂದು ಕೂತ.

ಮೂರು ಸಲ ಎಲ್ಲರೆದುರು ಕಂಪನಿಯ ಮಾನ ಹೋಗುತ್ತಿದ್ದುದನ್ನು ಕೇಳಿ, ಕಂಪನಿಯ ಪ್ರತಿನಿಧಿ ಕೆಂಡ್ರಿಕ್ ಬೆವತುಹೋಗಿದ್ದ. ಹೊರಗೆ ಫೋನು ಮಾಡಿ ಬಂದವನೇ ಡೆಲ್ಮರನನ್ನು ಪಡಸಾಲೆಗೆ ಎಳೆದುಕೊಂಡು ಹೋದ.

“ಪೂರ್ತಿ ಹೊಸ ಚಾವಣಿ, ಸರ್. ನಾಳೆ ಬೆಳಿಗ್ಗೆನೇ ಕೆಲಸದವರು ಬರ್ತಾರೆ. ಇಲ್ಲೊಂದು ಸಹಿ ಹಾಕಿಬಿಡಿ.”

ಡೆಲ್ಮರನ ಪೆನ್ನು ಕಾಗದ ಮುಟ್ಟುವಷ್ಟರಲ್ಲಿ, ಲೈಮನ್ ಜೊತೆ ಹಿಂದೆಯೇ ಬಂದಿದ್ದ ವರ್ನಾ ಅವನ ಕೈ ಹಿಡಿದಳು. “ಓದದೆ ಹಾಕಬೇಡ!”

“ಹೌದೌದು, ಓದು,” ಎಂದ ಲೈಮನ್.

ಡೆಲ್ಮರ್ ಎರಡನೇ ಸಾಲು ಓದುತ್ತಿದ್ದಾಗ ಒಳಗೆ ಚಪ್ಪಾಳೆ ಕೇಳಿಸಿತು. ಆಯುಕ್ತೆಯ ಕಾರ್ಯದರ್ಶಿ ಓಡಿಬಂದಳು. “ಆಸ್ಟ್ರಾಂಡರ್ ಅವರೇ, ನಿಮ್ಮ ಕೊನೇ ಮಾತು ಕೇಳಿ ಆಯುಕ್ತರು ಹೊಸ ನಿಯಮಕ್ಕೆ ತುರ್ತಾಗಿ ಸಹಿ ಹಾಕಿದರು. ಮೂರು ಗಂಟೆ ಹತ್ತು ನಿಮಿಷದಿಂದಲೇ ಜಾರಿ!”

ಕೆಂಡ್ರಿಕ್ ಗಡಿಯಾರ ನೋಡಿದ. ಮೂರು ಹನ್ನೆರಡು. ಡೆಲ್ಮರನ ಬೆರಳುಗಳಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡ.

“ಕ್ಷಮಿಸಿ ಸರ್. ಗ್ರಾಹಕರಿಗೆ ಓದಿ ಯೋಚಿಸೋಕೆ ಮೂವತ್ತು ದಿನ ಕೊಡದೆ ಇನ್ನು ನಾವು ಸಹಿ ತಗೊಳ್ಳೋ ಹಾಗಿಲ್ಲ. ಸಹಿ ಆಗದೆ ಕೆಲಸ ಶುರು ಮಾಡೋ ಹಾಗೂ ಇಲ್ಲ.”

“ನಾನು ಯೋಚಿಸಿ ಆಯ್ತು ಕಣ್ರೀ!”

“ಮೂವತ್ತು ದಿನ ಯೋಚಿಸಿಲ್ಲ, ಸರ್.”

ಕಾರ್ಯದರ್ಶಿ ಡೆಲ್ಮರನ ಕೈ ಹಿಡಿದು ಕುಲುಕಿದಳು. “ಅಭಿನಂದನೆ! ಈ ನಿಯಮದಿಂದ ರಕ್ಷಣೆ ಪಡೆದ ಮೊದಲ ಗ್ರಾಹಕರು ನೀವೇ.”