ಹಗೇವಿಗೆ ಕಟ್ಟಿದ ಗಂಟೆ

ಬೇರೆಯವರು ಹುಲಿಗೆ ಹೆದರಲಿ, ಪೊಲೀಸರಿಗೆ ಹೆದರಲಿ, ನನ್ನ ಅಭ್ಯಂತರವಿಲ್ಲ. ನಾನು ಮಾತ್ರ ಈ ವರ್ಷ, ಅಂದರೆ ಎಂಬತ್ತೊಂದರ ಮಳೆಗಾಲದಲ್ಲಿ, ನಮ್ಮ ಮನೆಯ ಅಂಗಳಕ್ಕೇ ಹೆದರಿಕೊಂಡು ಬದುಕಿದೆ. ಅಂಗಳದಲ್ಲಿ ಹಗೇವು ಇತ್ತು. ಹಗೇವಿನಲ್ಲಿ ಜೋಳ ಇತ್ತು. ಜೋಳ ನನ್ನದಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅದು ನಮ್ಮ ಅತ್ತೆಯದು.

ಹಗೇವು ನೋಡದವರಿಗಾಗಿ ಹೇಳುತ್ತೇನೆ. ನೆಲದೊಳಗೆ ಆಳುದ್ದದ ಗುಂಡಿ, ಒಳಗೆ ಸುತ್ತಲೂ ಹುಲ್ಲು, ಹುಲ್ಲಿನ ನಡುವೆ ಜೋಳ, ಬಾಯಿಗೆ ಕಲ್ಲಿನ ಮುಚ್ಚಳ, ಅದರ ಮೇಲೆ ಮೆತ್ತಿದ ಮಣ್ಣು. ಸರಿಯಾಗಿ ಮುಚ್ಚಿದರೆ ಒಂದು ಹುಳವೂ ಮುಟ್ಟುವುದಿಲ್ಲ. ಆದರೆ ನೀರು ಹೊಕ್ಕರೆ ಮುಗಿಯಿತು. ಹೊಕ್ಕಿದೆಯೆಂದು ಮೇಲೆ ನಿಂತವನಿಗೆ ಗೊತ್ತೂ ಆಗುವುದಿಲ್ಲ. ನಡುನಡುವೆ ತೆಗೆದು ನೋಡೋಣವೆಂದರೆ ಗಾಳಿ ಹೋಗಿ ಹುಳ ಬೀಳುತ್ತದೆ. ಮೇಲಾಗಿ ಒಳಗಿನ ಕೆಟ್ಟ ಗಾಳಿಗೆ ಇಳಿದ ಮನುಷ್ಯ ಹೋದರೂ ಹೋದನೇ!

ನಮ್ಮ ಅತ್ತೆ ಫಕ್ಕೀರವ್ವ ದುಂಡಸಿ ಊರಿನವರು. ಅವರ ಮನೆಯ ಹಗೇವು ಬೇಸಿಗೆಯಲ್ಲಿ ಕುಸಿಯಿತು. ಒಂದು ದಿನ ಟ್ರ್ಯಾಕ್ಟರಿನ ತುಂಬ ಜೋಳದ ಚೀಲ, ಚೀಲಗಳ ಮೇಲೆ ತಾವು ಕುಳಿತು ಶಿಗ್ಗಾಂವಿಯ ನಮ್ಮ ಓಣಿಗೆ ಬಂದಿಳಿದರು.

"ಮಾಸ್ತರ್ರ, ಇದು ನನ್ನ ಮಗನ ಮದವಿ ಜೋಳ. ದೀಪಾವಳಿ ಮುಂದ ಮದವಿ. ಅಲ್ಲೀತನಕ ನಿಮ್ಮ ಹಗೇವಿನ್ಯಾಗ ಇರಲಿ. ಒಂದು ಕಾಳು ನೆನೀಬಾರದು ನೋಡ್ರಿ."

(ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗುದ್ಲೆಪ್ಪ ಮಾಸ್ತರ. ಮನೆಯಲ್ಲಿ ಕಲಿಯುವ ವಿದ್ಯಾರ್ಥಿ.)

"ಆಗಲ್ರಿ ಅತ್ತಿ" ಎಂದೆ. ಬೇರೆ ಉತ್ತರ ನನಗೆ ಬರುವುದಿಲ್ಲ.

ಹೆದರಿಕೆಗೆ ಕಾರಣ ಉಂಟು. ಹಿಂದಿನ ವರ್ಷ ಎರಡು ಮನೆ ಆಚೆಯ ಪರಮೇಶಪ್ಪನ ಹಗೇವಿಗೆ ನೀರು ಹೊಕ್ಕಿತ್ತು. ತೆಗೆದಾಗ ಬಂದ ನಾತಕ್ಕೆ ಓಣಿಯ ಎಮ್ಮೆಗಳೂ ಮುಖ ತಿರುಗಿಸಿದವು. ಜೋಳವೆಲ್ಲ ತಿಪ್ಪೆ ಸೇರಿತು. ಆಗ ನಮ್ಮಲ್ಲಿಗೆ ಬಂದಿದ್ದ ಅತ್ತೆ ಮೂಗಿಗೆ ಸೆರಗು ಹಿಡಿದು, "ಇಂವ ನನ್ನ ಅಳಿಯ ಆಗಿದ್ದರ ಜೋಳದ ಮ್ಯಾಲ ಇವನ್ನೂ ಒಗದು ಬರ್ತಿದ್ದೆ" ಅಂದಿದ್ದರು. ಹೇಳಿದ್ದು ಪರಮೇಶಪ್ಪನಿಗೆ, ನೋಡಿದ್ದು ನನ್ನ ಕಡೆಗೆ.

ಹೀಗಾಗಿ ಜೂನ್ ತಿಂಗಳ ಮೊದಲ ಮೋಡ ಕಂಡೊಡನೆ ಮುಚ್ಚಳದ ಮೇಲೆ ಇನ್ನೊಂದು ಸುತ್ತು ಮಣ್ಣು ಮೆತ್ತಿದೆ. ರೋಹಿಣಿ ಮಳೆಯಲ್ಲಿ ಊಟ ಸೇರಲಿಲ್ಲ, ಮೃಗಶಿರಾದಲ್ಲಿ ನಿದ್ದೆ ಬರಲಿಲ್ಲ. ಆರಿದ್ರಾ ಹಿಡಿದ ದಿನ ತರಗತಿಯಲ್ಲಿ 'ನೀರಿನ ಗುಣಧರ್ಮಗಳು' ಪಾಠ ಮಾಡುತ್ತ, 'ನೀರು ಎಂಥ ಸಣ್ಣ ಸಂದಿಯಲ್ಲಿಯೂ ನುಸುಳುತ್ತದೆ' ಎಂಬ ವಾಕ್ಯ ಓದಿ ಕುರ್ಚಿಯಲ್ಲಿ ಕುಸಿದು ಕುಳಿತೆ. ಹಾಗೆ ಕುಳಿತಾಗಲೇ ಆ ಭವ್ಯ ವಿಚಾರ ಹೊಳೆಯಿತು. ನೀರು ಹೊಕ್ಕ ಕೂಡಲೇ ಅದು ತಾನಾಗಿ ಬಂದು ನನಗೆ ಹೇಳುವಂತಾದರೆ?

ಅದಕ್ಕೆ ನಾನಿಟ್ಟ ಹೆಸರು 'ಭೂಗರ್ಭ ಜಲಸೂಚಕ ಘಂಟಾಯಂತ್ರ'. ಸಾಮಾನು ಸರಳ. ಬಟ್ಟೆ ಒಣಹಾಕುವ ಕಟ್ಟಿಗೆಯ ಕ್ಲಿಪ್ಪು. ಅದರ ಎರಡು ತುಟಿಗೆ ಎರಡು ಡ್ರಾಯಿಂಗ್ ಪಿನ್ನು, ನಡುವೆ ಒಂದು ಕಲ್ಲುಸಕ್ಕರೆ ಹರಳು. ನೀರು ತಾಗಿದರೆ ಸಕ್ಕರೆ ಕರಗಿ ಪಿನ್ನಿಗೆ ಪಿನ್ನು ಕೂಡುತ್ತದೆ. ಕೂಡಿದರೆ ಸೆಲ್ಲಿನಿಂದ ಕರೆಂಟು ಹರಿದು ಮನೆಯೊಳಗಿನ ಗಂಟೆ ಬಾರಿಸುತ್ತದೆ. ಉಳಿದದ್ದು ಕ್ಲಿಪ್ಪನ್ನು ಹಗೇವಿನೊಳಗೆ ಇಳಿಬಿಡುವ ಕೆಲಸ. ಹಾರೆ ತಂದು ಮುಚ್ಚಳದ ಪಕ್ಕದ ಮಣ್ಣಿನಲ್ಲಿ ತೂತು ಕೊರೆಯತೊಡಗಿದೆ. ನನ್ನ ಹೆಂಡತಿ ಸರೋಜವ್ವ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಚಲೋತ್ನ್ಯಾಗ ಮುಚ್ಚಿದ ಹಗೇವಿಗೆ ತೂತು ಯಾಕ ಕೊರ್ಯಾಕತ್ತೀರಿ?"

"ತೂತಿಲ್ಲದ ಒಳಗಿನ ಸುದ್ದಿ ಹೊರಗ ಹೆಂಗ ಬರಬೇಕು?"

"ಸುದ್ದಿ ಹೊರಗ ಬರೂ ದಾರ್ಯಾಗ ನೀರು ಒಳಗ ಹೋಗೂದಿಲ್ಲೇನು?"

"ನಿನಗ ವಿಜ್ಞಾನ ತಿಳಿಯೂದಿಲ್ಲ, ಸುಮ್ಮನಿರು" ಎಂದೆ. ಹಾಗೆಂದರೂ ಒಳಗೊಳಗೆ ಅಳುಕಾಯಿತು. ತೂತಿಗೆ ಹಳೆಯ ಪಂಪಿನ ಕಬ್ಬಿಣದ ಪೈಪಿನ ತುಂಡು ತುರುಕಿದೆ. ಮಳೆ ನೀರು ಹೊಗಬಾರದೆಂದು ಪೈಪಿನ ಸುತ್ತ ಮೊಣಕಾಲೆತ್ತರ ಕೆಮ್ಮಣ್ಣು ಒಟ್ಟಿ ಗೋಪುರ ಮಾಡಿದೆ. ಪೈಪಿನ ಬಾಯಿಗೆ ತೆಂಗಿನ ಪರಟೆ ಬೋರಲು ಹಾಕಿದೆ. ಅದರಡಿಯಿಂದ ಕಪ್ಪು ವೈರು ಹೊರಬಂದು, ನೆಲದ ಮೇಲೆ ಹರಿದು, ಕಿಟಕಿಯಿಂದ ಮನೆ ಸೇರಿತು.

ಮೊದಲ ವಾರದಲ್ಲೇ ಗಂಟೆ ಬಾರಿಸಿತು. ಕೈಯಲ್ಲಿದ್ದ ರೊಟ್ಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿಹೋಗಿ ಕ್ಲಿಪ್ಪು ಮೇಲೆಳೆದೆ. ನೀರಿನ ಪಸೆಯೂ ಇಲ್ಲ. ಇರುವೆಗಳು ಸಾಲುಗಟ್ಟಿ ಬಂದು ಕಲ್ಲುಸಕ್ಕರೆ ತಿಂದು ಮುಗಿಸಿದ್ದವು. ಸಕ್ಕರೆಯ ಬದಲು ತಲೆನೋವಿನ ಗುಳಿಗೆ ಸಿಕ್ಕಿಸಿದೆ. (ಆ ಹೊತ್ತಿಗೆ ನಮ್ಮ ಮನೆಯಲ್ಲಿ ಅದರ ದಾಸ್ತಾನು ಸಾಕಷ್ಟಿತ್ತು.) ಅಂದಿನಿಂದ ಓಣಿಯಲ್ಲಿ ಯಾರ ಸೈಕಲ್ ಗಂಟೆ ಕೇಳಿದರೂ ಅಂಗಳಕ್ಕೆ ಹಾರುತ್ತಿದ್ದೆ. ಶಾಲೆಯಲ್ಲಿ ಪೀರಿಯಡ್ಡಿನ ಗಂಟೆ ಹೊಡೆದರೆ ಮಕ್ಕಳಿಗಿಂತ ಮೊದಲು ನಾನೇ ಬಾಗಿಲಲ್ಲಿರುತ್ತಿದ್ದೆ. ನೀರಿನ ಹೆದರಿಕೆಯ ಜೊತೆಗೆ ಗಂಟೆಯ ಹೆದರಿಕೆಯನ್ನೂ ನಾನೇ ಕೈಯಾರೆ ಕಟ್ಟಿಕೊಂಡಿದ್ದೆ.

ಆಕಾಶದ ನೀರು ಸಾಲದೆಂದು ಪಕ್ಕದ ಮನೆಯ ಗುತ್ತೆವ್ವ ದಿನಾಲೂ ಪಾತ್ರೆ ತೊಳೆದ ನೀರನ್ನು ತನ್ನ ಕಟ್ಟೆಯಿಂದ ನಮ್ಮ ಅಂಗಳಕ್ಕೆ ಚೆಲ್ಲುತ್ತಿದ್ದಳು. ಅದು ನೇರವಾಗಿ ನನ್ನ ಗೋಪುರದ ಬುಡಕ್ಕೆ ಹರಿಯುತ್ತಿತ್ತು. ಅವಳಿಗೆ ಇಳಿಜಾರು, ಒತ್ತಡ ಎಲ್ಲ ವಿವರಿಸಿದೆ.

"ನಮ್ಮತ್ತಿ ಕಾಲದಿಂದ ಇಲ್ಲೇ ಚೆಲ್ಲಾಕತ್ತೇವ್ರಿ ಮಾಸ್ತರ್ರ" ಎಂದು ಇನ್ನೊಂದು ಬೋಗುಣಿ ಚೆಲ್ಲಿದಳು.

ಒಂದು ಮುಂಜಾನೆ ಅದೇ ಗುತ್ತೆವ್ವ ಏದುಸಿರು ಬಿಡುತ್ತ ಬಂದಳು. "ಮಾಸ್ತರ್ರ, ನಿಮ್ಮ ಅಂಗಳದಾಗ ಹುತ್ತ ಎದ್ದೈತಿ! ಅದರಾಗ ಹಾವು ಹೊಗೂದ್ನ ಕಣ್ಣಾರೆ ಕಂಡೇನಿ!"

ನನಗೆ ಕೂಡಲೇ ತಿಳಿಯಿತು. ಗಾಳಿಗೆ ವೈರು ಅಲುಗಿದೆ. ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಭಾಷಣ ಬಿಗಿಯುವ ನಾನು ನಕ್ಕು ನಿಜ ಹೇಳಬೇಕಿತ್ತು. ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಅವಳ ಕೈಯಲ್ಲಿದ್ದ ನೀರಿನ ಬೋಗುಣಿ ಕಾಣಿಸಿತು.

"ಕರ್ರಗ ಇತ್ತೇನು?" ಎಂದೆ.

"ಹೌದ್ರಿ! ಕರ್ರಗ, ಉದ್ದಕ!"

"ಹಂಗಾರ ಆ ಕಡೆ ನೀರು ಚೆಲ್ಲಬ್ಯಾಡ್ರಿ. ಸಿಟ್ಟಿಗೇಳತೈತಿ."

ಅಂದಿನಿಂದ ಆ ಕಡೆ ಒಂದು ಹನಿ ನೀರು ಬೀಳಲಿಲ್ಲ. ವಿಜ್ಞಾನದಿಂದ ಆಗದ ಕೆಲಸ ಹಾವಿನಿಂದಾಯಿತು. ಸರೋಜವ್ವ ಮಾತ್ರ ಗೊಣಗಿದಳು. "ನಾಗಪ್ಪನ ಹೆಸರಿಲೆ ಸುಳ್ಳು ಹೇಳಬಾರದ್ರಿ. ಪಂಚಮಿ ಬ್ಯಾರೆ ಹತ್ರ ಬಂತು. ಈ ಸಲ ನನ್ನ ತವರಿಗೆ ಯಾವಾಗ ಕಳಸ್ತೀರಿ?"

"ಈ ಸಲ ಆಗೂದಿಲ್ಲ. ನಾ ಸಾಲಿಗೆ ಹೋದಾಗ ಗಂಟಿ ಬಾರಿಸಿದರ ಯಾರು ನೋಡಬೇಕು?"

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕಳಿಸದ ಗಂಡ ಏನೇನು ಅನ್ನಿಸಿಕೊಳ್ಳಬೇಕೋ ಅದನ್ನೆಲ್ಲ ಅನ್ನಿಸಿಕೊಂಡೆ. ಆದರೆ ಅದರ ಮುಂದಿನ ಪರಿಣಾಮ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಮಗಳು ಬರಲಿಲ್ಲವೆಂದು ಪಂಚಮಿಯ ಬೆಳಗಿನ ಬಸ್ಸಿಗೆ ತಾಯಿಯೇ ಬಂದರು. ಒಂದು ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಇನ್ನೊಂದರಲ್ಲಿ ಕೊಡೆ. ನಾನು ಎದುರುಗೊಳ್ಳುವ ನೆಪದಲ್ಲಿ ಹಗೇವಿಗೆ ಅಡ್ಡ ನಿಂತೆ.

"ಜೋಳ ಹೆಂಗೈತ್ರಿ?"

"ಆರಾಮ ಐತ್ರಿ ಅತ್ತಿ" ಎಂದೆ, ಬಾಣಂತಿಯ ಸುದ್ದಿ ಹೇಳಿದ ಹಾಗೆ.

ಉಂಡಿ ತಿನ್ನುತ್ತ ಕುಳಿತಿದ್ದೆ. ಅಂಗಳದಲ್ಲಿ ಬಳೆಗಳ ಸದ್ದಾಯಿತು. ಇಣುಕಿದರೆ ಇಡೀ ಓಣಿಯ ಹೆಂಗಸರು! ಹಬ್ಬಕ್ಕೆ ಬಂದ ಅವರ ಹೆಣ್ಣುಮಕ್ಕಳು ಬೇರೆ! ಎಲ್ಲರ ಕೈಯಲ್ಲೂ ಹಾಲಿನ ಗಿಂಡಿ. ಮುಂದೆ ಗುತ್ತೆವ್ವ. "ಊರಾಚೆ ಹುತ್ತಕ್ಕ ಹೋಗೂ ದಾರಿ ಎಲ್ಲಾ ರಾಡಿ. ನಮ್ಮ ಓಣ್ಯಾಗ ನಾಗಪ್ಪ ತಾನ ಬಂದು ಕುಂತಾನ. ಬರ್ರಿ, ಇಲ್ಲೇ ಹಾಲು ಎರಿಯೂಣು" ಎಂದು ಪರಟೆಯನ್ನು ತೆಗೆದು ಬದಿಗಿಟ್ಟಳು.

ಕೈಯಲ್ಲಿದ್ದ ಉಂಡಿಯನ್ನು ಡಬ್ಬಿಗೆ ಹಾಕಿ ಎದ್ದೆ. ನಿಜ ಹೇಳಿದರೆ ಹಗೇವಿಗೆ ತೂತು ಕೊರೆದದ್ದು ಅತ್ತೆಗೆ ಗೊತ್ತಾಗುತ್ತದೆ. ಹೇಳದಿದ್ದರೆ ಮದುವೆಯ ಜೋಳಕ್ಕೆ ಹಾಲು ಬೀಳುತ್ತದೆ. ಹೊರಗೆ ಓಡಿದೆ.

"ಇವತ್ತ ಬ್ಯಾಡ್ರಿ! ಹಾವು ಇಲ್ಲ ಅದರಾಗ!"

"ಎಲ್ಲಿ ಹೋಗೇತ್ರಿ?"

ಗಾಬರಿಯಲ್ಲಿ ಏನು ಹೊಳೆಯಬೇಕು? "ಪಂಚಮಿ ಅಲ್ಲೇನು, ತವರಿಗೆ ಹೋಗೇತಿ" ಎಂದೆ.

"ಹಾವರ ಹೋಗೇತಿ ತವರಿಗೆ" ಎಂದು ಬಾಗಿಲಲ್ಲಿ ನಿಂತ ಸರೋಜವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು, "ನನಗ ಆ ಪುಣ್ಯಾನೂ ಇಲ್ಲ." ಹೆಂಗಸರೆಲ್ಲ ನಕ್ಕರು. ಹಾಲು ಎರೆಯತೊಡಗಿದರು.

ನಮ್ಮ ಕಡೆ ಹಾಲೆರೆಯುವ ಪದ್ಧತಿ ಗೊತ್ತಲ್ಲ? ಒಂದು ಸಲಕ್ಕೆ ಮುಗಿಯುವುದಿಲ್ಲ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಯವರೆಲ್ಲರ ಹೆಸರಿನಲ್ಲಿ ಎರೆಯಬೇಕು. ಗುತ್ತೆವ್ವನದು ದೊಡ್ಡ ಕುಟುಂಬ. ಮೈದುನರ ಪಾಲು ಮುಗಿದು ನೆಗೆಣ್ಣಿಯರ ಪಾಲಿಗೆ ಬಂದಾಗ ನನಗೆ ಜೀವನದಲ್ಲಿ ಮೊದಲ ಸಲ ಅವಿಭಕ್ತ ಕುಟುಂಬಗಳ ಮೇಲೆ ದ್ವೇಷ ಹುಟ್ಟಿತು.

ಕಡೆಗೆ ನಮ್ಮ ಅತ್ತೆ ಮುಂದೆ ಬಂದರು. ಅವರ ಕೈಯಲ್ಲಿದ್ದದ್ದು ಗಿಂಡಿಯಲ್ಲ, ತಂಬಿಗೆ. "ದೇವರ ಪಾಲು, ಗುರುವಿನ ಪಾಲು, ಮಗನ ಪಾಲು, ಬರೂ ಸೊಸಿ ಪಾಲು, ಮಗಳ ಪಾಲು..." ಎಂದು ಒಂದೊಂದೇ ಚಮಚದಷ್ಟು ಎರೆದು, ನನ್ನ ಕಡೆ ನೋಡಿದರು. ಬಹಳ ಅಪರೂಪಕ್ಕೆ ಆ ಮುಖದಲ್ಲಿ ಮಮತೆ ಕಂಡಿತು. "ಪಾಪ, ನನ್ನ ಜೋಳ ಕಾದು ಸೊರಗ್ಯಾರ. ಅಳಿಯನ ಪಾಲು!" ಎಂದು ಇಡೀ ತಂಬಿಗೆ ಮಗುಚಿಬಿಟ್ಟರು.

ಮನೆಯೊಳಗಿಂದ ಗಂಟೆ ಬಾರಿಸತೊಡಗಿತು.

ಗುತ್ತೆವ್ವನ ಕಣ್ಣಲ್ಲಿ ನೀರೇ ಬಂತು. "ನಾಗಪ್ಪ ಒಲದಾನ! ಗಂಟಿ ಬಾರಸಾಕತ್ತಾನ! ಮನಿಯೊಳಗ ಇನ್ನಷ್ಟು ಹಾಲು ಇದ್ದರ ತರ್ರಿ!"

ನಾಲ್ಕು ಜನ ಹೆಂಗಸರು ಮನೆಗೆ ಓಡಿದರು. ಗಂಟೆ ನಿಲ್ಲಲೊಲ್ಲದು. ನನ್ನ ಕಣ್ಣ ಮುಂದೆ ಪರಮೇಶಪ್ಪನ ತಿಪ್ಪೆ, ತಿಪ್ಪೆಯ ಮೇಲೆ ಜೋಳ, ಜೋಳದ ಮೇಲೆ ನಾನು. ಇನ್ನು ತಡೆಯಲಾಗಲಿಲ್ಲ.

"ಅದು ಹಾವಲ್ರಿ, ವೈರು!" ಎಂದು ಕಿರುಚಿ, ನುಗ್ಗಿ, ಕಪ್ಪು ವೈರನ್ನು ಹಿಡಿದು ಜಗ್ಗಿದೆ.

ಮಾಸ್ತರ ಹಾವಿನ ಬಾಲ ಹಿಡಿದು ಎಳೆದನೆಂದು ಹೆಂಗಸರು ಕೂಗಿಕೊಂಡು ದಿಕ್ಕಾಪಾಲಾದರು. ಗುತ್ತೆವ್ವ ಆ ವಯಸ್ಸಿನಲ್ಲಿ ಒಂದೇ ಜಿಗಿತಕ್ಕೆ ತನ್ನ ಕಟ್ಟೆ ಏರಿದಳು. ಅಲುಗದೆ ನಿಂತವರು ನಮ್ಮ ಅತ್ತೆ ಒಬ್ಬರೇ. ನನ್ನ ಕೈಯಲ್ಲಿ ಹಾಲು ಸೋರುತ್ತ ತೂಗಾಡುತ್ತಿದ್ದ ಕ್ಲಿಪ್ಪನ್ನು ನೋಡಿದರು. ಪೈಪು ನೋಡಿದರು. ನನ್ನನ್ನು ನೋಡಿದರು.

"ಈ ತೂತು ಎಲ್ಲಿಗೆ ಹೋಗತೈತ್ರಿ?"

"ಹಗೇವಿಗ್ರಿ."

"ಎರದ ಹಾಲು?"

"ಜೋಳಕ್ಕರಿ."

"ತೂತು ಕೊರದವರು ಯಾರು?"

"ನಾನ್ರಿ ಅತ್ತಿ... ಒಳಗ ನೀರು ಹೋಗಬಾರದಂತ..."

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಕೊಡೆಯ ತುದಿಯಿಂದ ಮುಚ್ಚಳದ ಕಲ್ಲನ್ನು ತೋರಿಸಿದರು.

ಪರಮೇಶಪ್ಪ ಬಂದು ಕಲ್ಲು ಸರಿಸಿದ. (ಅವನ ಮುಖದಲ್ಲಿ ವರ್ಷದ ನಂತರ ಕಂಡ ಆ ನಗುವನ್ನು ನಾನು ಮರೆಯಲಾರೆ.) ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟರು. ಆಮೇಲೆ ಹಗ್ಗ ಕಟ್ಟಿ ಕಂದೀಲು ಇಳಿಸಿದರು. ಅದು ಆರಿದರೆ ಒಳಗೆ ಗಾಳಿ ಇನ್ನೂ ಕೆಟ್ಟಿದೆಯೆಂದು ಅರ್ಥ. ಆರಲಿ ಎಂದು ನಾನು ಮನಸ್ಸಿನಲ್ಲಿ ಸಕಲ ದೇವರಿಗೂ ಹರಕೆ ಹೊತ್ತೆ. ಅದು ದೀಪಾವಳಿಯ ಹಣತೆಯ ಹಾಗೆ ಉರಿಯಿತು.

"ಕಂದೀಲ ಆರಲಿಲ್ಲ. ಇಳೀರಿ ಮಾಸ್ತರ್ರ" ಎಂದರು ಅತ್ತೆ.

ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೆ. ಮೇಲೆ ಗುಂಡನೆಯ ಆಕಾಶ, ಆಕಾಶದ ತುಂಬ ಅತ್ತೆಯ ಮುಖ. ಜೋಳಕ್ಕೆ ಕೈಹಾಕಿದೆ. ಪೈಪಿನ ಕೆಳಗೆ ಮಾತ್ರ ಹಸಿ ಇತ್ತು, ಒಂದು ಚೀಲದಷ್ಟು. ಉಳಿದದ್ದೆಲ್ಲ ಗರಿಗರಿ ಒಣಗಿತ್ತು. ಅಷ್ಟೆಲ್ಲ ಮಳೆ ಸುರಿದರೂ ಒಂದು ತೊಟ್ಟು ನೀರು ಆ ಹಗೇವಿಗೆ ಹೊಕ್ಕಿರಲಿಲ್ಲ. ನನ್ನ ಯಂತ್ರ ಇಲ್ಲದಿದ್ದರೆ ಹಾಲೂ ಹೊಗುತ್ತಿರಲಿಲ್ಲ.

ಜೋಳ ಉಳಿಯಿತು, ಮದುವೆಯೂ ಉಳಿಯಿತು. ಆದರೆ ತೆರೆದ ಹಗೇವನ್ನು ಮಳೆಗಾಲದಲ್ಲಿ ಮತ್ತೆ ಮುಚ್ಚುವಂತಿಲ್ಲ. ಒಣ ಜೋಳವೆಲ್ಲ ಚೀಲ ಸೇರಿ, ಚೀಲಗಳು ನನ್ನ ಮಲಗುವ ಕೋಣೆ ಸೇರಿದವು. ಅವನ್ನು ಕಾಯಲು ಅತ್ತೆಯೂ ಅದೇ ಕೋಣೆ ಸೇರಿದರು. ದೀಪಾವಳಿಯವರೆಗೆ ಕದಲುವುದಿಲ್ಲವಂತೆ. ನನ್ನ ಹಾಸಿಗೆ ಪಡಸಾಲೆಗೆ ಬಂತು. ಸರೋಜವ್ವನ ಮುಖ ಹುಣ್ಣಿಮೆ. ತವರಿಗೆ ಹೋಗಬೇಕಾದವಳ ಮನೆಗೆ ತವರೇ ಬಂದು ಕುಳಿತಿದೆ.

ಹಾಲಿನಲ್ಲಿ ನೆಂದ ಜೋಳ ಒಣಗುವಷ್ಟರಲ್ಲಿ ಹುಳಿಯಾಯಿತು. ಅದನ್ನೇನು ಮಾಡುವುದೆಂದು ಸರೋಜವ್ವ ಕೇಳಿದಳು. ಅತ್ತೆ ಯೋಚಿಸಲೇ ಇಲ್ಲ. "ಹಾಲು ಯಾರ ಪಾಲಿಂದು? ಅಳಿಯಂದು. ಜೋಳಾನೂ ಅವರಿಗೇ." ಹೀಗಾಗಿ ದಿನಾಲೂ ಮೂವರಿಗೂ ರೊಟ್ಟಿ, ನನ್ನದು ಮಾತ್ರ ಬೇರೆ ಹಿಟ್ಟಿನದು. ರುಚಿಯ ಬಗ್ಗೆ ಕೇಳಬೇಡಿ.

ಗಂಟೆಯೂ ವ್ಯರ್ಥವಾಗಲಿಲ್ಲ. ಅತ್ತೆ ಅದನ್ನು ಪಡಸಾಲೆಯಲ್ಲಿ ನನ್ನ ತಲೆಯ ಮೇಲಿನ ಗೂಟಕ್ಕೆ ಹಾಕಿಸಿ, ವೈರನ್ನು ತಮ್ಮ ಮಂಚದ ಪಕ್ಕಕ್ಕೆ ತರಿಸಿಕೊಂಡಿದ್ದಾರೆ. ಕ್ಲಿಪ್ಪಿನಲ್ಲಿ ಈಗ ಗುಳಿಗೆ ಇಲ್ಲ, ಅಡಿಕೆಯ ಹೋಳು ಇದೆ. ಅದನ್ನು ತೆಗೆದರೆ ಬಾರಿಸುತ್ತದೆ, ಇಟ್ಟರೆ ನಿಲ್ಲುತ್ತದೆ. "ಭಾಳ ಶಾಣ್ಯಾ ಅದಾರ ನಮ್ಮ ಅಳಿಯ" ಎಂದು ಬಂದವರಿಗೆಲ್ಲ ಬಾರಿಸಿ ತೋರಿಸುತ್ತಾರೆ. ಒಂದು ಸಲ ಬಾರಿಸಿದರೆ ಕುಡಿಯಲು ನೀರು, ಎರಡು ಸಲ ಬಾರಿಸಿದರೆ ಕಾಲಿಗೆ ಬಿಸಿನೀರು. ನೀರು ಬಂದರೆ ನನಗೆ ತಿಳಿಸಲಿ ಎಂದು ಮಾಡಿದ ಯಂತ್ರ, ಈಗ ನೀರು ತಾ ಎಂದು ನನಗೆ ತಿಳಿಸುತ್ತದೆ. ಎದೆ ಮಾತ್ರ ಮೊದಲಿನ ಹಾಗೆಯೇ ಧಸಕ್ಕೆನ್ನುತ್ತದೆ.

ನೋಡಿ, ಬಾರಿಸಿತು. ಎರಡನೆಯದೂ ಬಾರಿಸಿತು. ಒಲೆ ಹಚ್ಚಬೇಕು.